ಹೆಜ್ಜೆ ಕೇಳಿಸದ ರೀಲು ಕೊಳ್ಳಬೇಡಿ: ಹಳೆಯ ಹಾಡು-ಕುಣಿತದ ಹೋಂ ಮೂವಿ ಪ್ರಿಂಟ್ ಕೂಡಿಡುವವರಿಗೆ

ನಾನು ಕೊಂಡ ಮೊಟ್ಟಮೊದಲ ಹಾಡಿನ ರೀಲು ಮೂಕ ರೀಲು. ಡಬ್ಬಿಯ ಮೇಲೆ ಕರಿ ಕೋಟು, ಉದ್ದ ಟೋಪಿಯ ನರ್ತಕನ ಚಿತ್ರವಿತ್ತು. ಅವನ ಸುತ್ತ ಸ್ವರಚಿಹ್ನೆಗಳು ಹಾರಾಡುತ್ತಿದ್ದವು. ನನಗೆ ಅಷ್ಟೇ ಸಾಕಾಯಿತು. ಮನೆಗೆ ತಂದು, ಕಿಟಕಿಗೆ ಕಂಬಳಿ ಕಟ್ಟಿ, ರೀಲು ಏರಿಸಿ, ಸೌಂಡಿನ ಗುಂಡಿಯನ್ನು ಪೂರ್ತಿ ತಿರುಗಿಸಿ ಕೂತೆ. ನರ್ತಕ ಬಂದ, ಟ್ಯಾಪ್ ಶೂಗಳಿಂದ ನೆಲ ಬಡಿದ, ಗಿರಕಿ ಹೊಡೆದ. ಕೇಳಿಸಿದ್ದು ಪ್ರೊಜೆಕ್ಟರಿನ ಕಟಕಟ ಮಾತ್ರ. "ಕಾಲೇನೋ ಕುಣೀತಿದೆ, ಸದ್ದೆಲ್ಲಿ ರೀ?" ಅಂದಳು ಹೆಂಡತಿ. ಡಬ್ಬಿಯ ಬದಿ ತಿರುಗಿಸಿ ನೋಡಿದರೆ ಸಣ್ಣಕ್ಷರದಲ್ಲಿ 'ಸೈಲೆಂಟ್' ಅಂತ ಅಚ್ಚಾಗಿತ್ತು.

ಟ್ಯಾಪ್ ಕುಣಿತದ ಮೂಕ ಪ್ರಿಂಟನ್ನು ಯಾರಾದರೂ ಯಾಕೆ ಮಾರುತ್ತಿದ್ದರು ಅಂತ ಆಗ ತಲೆ ಕೆರೆದುಕೊಂಡೆ. ಕಾರಣ ಸರಳ. ವಿಡಿಯೊ ಬರುವ ಮುಂಚೆ ಮನೆಯಲ್ಲಿ ಸಿನಿಮಾ ನೋಡಬೇಕೆಂದರೆ ಫಿಲ್ಮನ್ನೇ ಕೊಳ್ಳಬೇಕಿತ್ತು, ಮತ್ತು ಬಹುಪಾಲು ಮನೆಗಳಲ್ಲಿದ್ದದ್ದು ಸದ್ದಿಲ್ಲದ ಪ್ರೊಜೆಕ್ಟರ್. ಅಮೆರಿಕದ ಕ್ಯಾಸಲ್ ಫಿಲ್ಮ್ಸ್ 1937ರಲ್ಲೇ ಹೀಗೆ ಮನೆಬಳಕೆಯ ರೀಲು ಮಾರಲು ಶುರುಮಾಡಿತು. ಬ್ಲ್ಯಾಕ್‌ಹಾಕ್, ಕೆನ್ ಫಿಲ್ಮ್ಸ್, ಇಂಗ್ಲೆಂಡಿನ ಡಡ್ಲಿಯಲ್ಲಿದ್ದ ಡೆರಾನ್, ಹೀಗೆ ಹಲವರು ಈ ವ್ಯಾಪಾರದಲ್ಲಿದ್ದರು. ಒಂದೇ ವಸ್ತುವನ್ನು ಬೇರೆ ಬೇರೆ ಅಳತೆಯಲ್ಲಿ, ಕೆಲವೊಮ್ಮೆ ಸದ್ದಿನೊಂದಿಗೆ, ಕೆಲವೊಮ್ಮೆ ಸದ್ದಿಲ್ಲದೆ ಮಾರುತ್ತಿದ್ದರು. ಡಬ್ಬಿಯ ಚಿತ್ರ ಮಾತ್ರ ಎಲ್ಲಕ್ಕೂ ಒಂದೇ. ಹಾಗಾಗಿ ಚಿತ್ರಕ್ಕೆ ಮರುಳಾಗಬೇಡಿ, ಡಬ್ಬಿಯ ಅಂಚು ಓದಿ. ಅಳತೆ ಯಾವುದು, ಸದ್ದಿದೆಯೇ, ಬಣ್ಣವೋ ಕಪ್ಪುಬಿಳುಪೋ, ಎಷ್ಟು ಅಡಿ. ಈ ನಾಲ್ಕು ಗೊತ್ತಾಗದೆ ಕೈ ಜೇಬಿಗೆ ಹೋಗಬಾರದು. ಡಬ್ಬಿ ಒಂದು, ಒಳಗಿನ ರೀಲು ಇನ್ನೊಂದು ಆಗಿರುವುದೂ ಉಂಟು, ಅದನ್ನು ಆಮೇಲೆ ಹೇಳುತ್ತೇನೆ.

ಅಳತೆಯ ಮಾತು ಬೇಗ ಮುಗಿಸೋಣ. 16 ಎಂ.ಎಂ. ಬಂದದ್ದು 1923ರಲ್ಲಿ, 8 ಎಂ.ಎಂ. 1932ರಲ್ಲಿ, ಸೂಪರ್ 8 1965ರಲ್ಲಿ. ಹಳೆಯ 8 ಎಂ.ಎಂ.ನ ಅಂಚಿನ ತೂತು ದೊಡ್ಡದು, ಎರಡು ಫ್ರೇಮುಗಳ ನಡುವಿನ ಗೆರೆಯ ಬಳಿ ಇರುತ್ತದೆ. ಸೂಪರ್ 8ರ ತೂತು ಪುಟ್ಟದು, ಫ್ರೇಮಿನ ನಟ್ಟನಡುವೆ ಇರುತ್ತದೆ. ಎರಡರ ಅಗಲವೂ ಒಂದೇ ಆದ್ದರಿಂದ ಕಣ್ಣಿಗೆ ಮೋಸ ಸಲೀಸು. ಒಂದರ ಪ್ರೊಜೆಕ್ಟರಿಗೆ ಇನ್ನೊಂದನ್ನು ಹಾಕಿದರೆ ತೂತುಗಳು ಹರಿದು ಹೋಗುತ್ತವೆ. ಹೊಸದಾಗಿ ಶುರುಮಾಡುವವರಿಗೆ ನನ್ನ ಸಲಹೆ ಸೂಪರ್ 8 ಸೌಂಡ್. ಜಾಗ ಮತ್ತು ದುಡ್ಡು ಎರಡೂ ಇದ್ದರೆ 16 ಎಂ.ಎಂ.

ಅಡಿಯ ಲೆಕ್ಕ ಮಾತ್ರ ಬಾಯಿಪಾಠ ಇರಲಿ. ಸೌಂಡ್ ಫಿಲ್ಮ್ ಸೆಕೆಂಡಿಗೆ 24 ಫ್ರೇಮಿನಂತೆ ಓಡುತ್ತದೆ. ಆ ವೇಗದಲ್ಲಿ ಸೂಪರ್ 8 ನಿಮಿಷಕ್ಕೆ 20 ಅಡಿ ನುಂಗುತ್ತದೆ, 16 ಎಂ.ಎಂ. 36 ಅಡಿ. ಮೂರು ನಿಮಿಷದ ಹಾಡು ಇಡಿಯಾಗಿ ಇರಬೇಕೆಂದರೆ ಸೂಪರ್ 8ರಲ್ಲಿ 60 ಅಡಿ ಬೇಕು. 200 ಅಡಿಯ ರೀಲಿನಲ್ಲಿ ಇರುವುದು ಹತ್ತೇ ನಿಮಿಷ. ಆ ಹತ್ತು ನಿಮಿಷದಲ್ಲಿ 'ಆರು ಅಮರ ಹಾಡುಗಳು' ಇವೆ ಅಂತ ಡಬ್ಬಿ ಹೇಳಿದರೆ ಪ್ರತಿ ಹಾಡಿಗೂ ಸರಾಸರಿ ನೂರು ಸೆಕೆಂಡು ಕೂಡ ಸಿಗುವುದಿಲ್ಲ, ಟೈಟಲ್ಲು ಬೇರೆ ಇರುತ್ತದೆ. ಅಂದರೆ ಪಲ್ಲವಿ ಮುಗಿಯುವಷ್ಟರಲ್ಲಿ ಕತ್ತರಿ ಬಿದ್ದಿದೆ. ಇಡೀ ಸಿನಿಮಾವನ್ನು ಹಿಂಡಿ ಒಂದು ರೀಲಿಗೆ ತುಂಬಿದ 'ಡೈಜೆಸ್ಟ್'ಗಳಲ್ಲಿ ಹಾಡಿಗೆ ಆಗುವ ಗತಿ ಇದೇ. ಕಥೆ ಅರ್ಥವಾಗಲೆಂದು ಮಾತನ್ನು ಉಳಿಸಿ ಕುಣಿತವನ್ನು ಕತ್ತರಿಸುತ್ತಾರೆ. ನನಗೆ ಬೇಕಾದದ್ದು ತಿರುಗುಮುರುಗು. ಆದ್ದರಿಂದ ನಾನು ಒಂದೋ ಎರಡೋ ಹಾಡು ಇಡಿಯಾಗಿರುವ ರೀಲನ್ನೇ ಹುಡುಕುತ್ತೇನೆ, ಸಿನಿಮಾ ಎಷ್ಟೇ ಹೆಸರುವಾಸಿಯಾಗಿದ್ದರೂ ಡೈಜೆಸ್ಟ್ ಮುಟ್ಟುವುದಿಲ್ಲ.

ಈಗ ಸದ್ದಿಗೆ ಬರೋಣ. ಚಿಕ್ಕಂದಿನಲ್ಲಿ ತಬಲಾ ಕಲಿತು ಅರ್ಧಕ್ಕೆ ಬಿಟ್ಟವನು ನಾನು. ಕೈಗೆ ಹತ್ತಲಿಲ್ಲ, ಕಿವಿಗೆ ಹತ್ತಿತು. ಓಡಿಹೋಗುವ ಕಳ್ಳನ ದೃಶ್ಯದಲ್ಲಿ ಹತ್ತು ಫ್ರೇಮು ಹಾರಿದರೆ ಯಾರಿಗೂ ಗೊತ್ತಾಗುವುದಿಲ್ಲ. ಕುಣಿತದಲ್ಲಿ ಹತ್ತು ಫ್ರೇಮು ಹಾರಿದರೆ ತಾಳ ತಪ್ಪುತ್ತದೆ. ತಾಳ ಗೊತ್ತಿಲ್ಲದವರೂ ಮುಖ ಸಿಂಡರಿಸುತ್ತಾರೆ. ಹಾಡಿನ ರೀಲನ್ನು ಬೇರೆ ರೀಲುಗಳಂತೆ ಪರೀಕ್ಷಿಸಿದರೆ ಆಗದು ಎನ್ನುವುದು ಇದಕ್ಕೇ.

ಸೂಪರ್ 8 ಸೌಂಡ್ ಪ್ರಿಂಟಿನ ಅಂಚಿನಲ್ಲಿ ಕಂದುಬಣ್ಣದ ಮ್ಯಾಗ್ನೆಟಿಕ್ ಪಟ್ಟಿ ಅಂಟಿರುತ್ತದೆ, ಟೇಪ್ ರೆಕಾರ್ಡರಿನ ಟೇಪಿನ ಹಾಗೆ. ತೂತಿನ ಕಡೆ ಇನ್ನೊಂದು ಸಣ್ಣ ಪಟ್ಟಿ ಇರುತ್ತದೆ, ಸುತ್ತು ಒಂದೇ ಕಡೆ ಉಬ್ಬದೆ ಸಮನಾಗಿ ಕೂರಲಿ ಅಂತ. ಚಿತ್ರ ತೋರುವ ಗೇಟ್ ಒಂದು ಕಡೆ, ಸದ್ದು ಓದುವ ಹೆಡ್ ಅದರಿಂದ ಮುಂದೆ ಇನ್ನೊಂದು ಕಡೆ ಇರುವುದರಿಂದ ಒಂದು ಫ್ರೇಮಿಗೆ ಸೇರಿದ ಸದ್ದು ಆ ಫ್ರೇಮಿನ ಪಕ್ಕದಲ್ಲಿ ಇರುವುದಿಲ್ಲ, 18 ಫ್ರೇಮು ಮುಂದಿರುತ್ತದೆ. ಇದರ ಫಲ ಏನು? ರೀಲು ಎಲ್ಲೋ ತುಂಡಾಗಿ ಯಾರೋ ಅಂಟಿಸಿದ್ದಾರೆ ಅಂತಿಟ್ಟುಕೊಳ್ಳಿ. ಅಂಟಿಸಿದ ಜಾಗ ಗೇಟಿಗೆ ಬಂದಾಗ ನರ್ತಕಿ ಥಟ್ಟನೆ ಒಂದು ಗೇಣು ಪಕ್ಕಕ್ಕೆ ಹಾರುತ್ತಾಳೆ. ಮುಕ್ಕಾಲು ಸೆಕೆಂಡು ಕಳೆದ ಮೇಲೆ ಅದೇ ಜಾಗ ಹೆಡ್ಡಿಗೆ ಬರುತ್ತದೆ, ಆಗ ವಾದ್ಯಗೋಷ್ಠಿ ಒಂದು ಹೆಜ್ಜೆ ಎಡವುತ್ತದೆ. ಆ ನಡುವಿನ ಮುಕ್ಕಾಲು ಸೆಕೆಂಡು ಕಾಲಿಗೂ ಸದ್ದಿಗೂ ಹೊಂದಿಕೆಯೇ ಇಲ್ಲ. ಒಂದೇ ಗಾಯ, ಎರಡು ಕಡೆ ನೋವು. ನಿಧಾನದ ಪ್ರೇಮಗೀತೆಯಲ್ಲಿ ಇದನ್ನು ಸಹಿಸಬಹುದು, ಟ್ಯಾಪ್ ಕುಣಿತದಲ್ಲಿ ಆಗದು.

ಯಾರ ಕುಣಿತ ಎನ್ನುವುದೂ ಮುಖ್ಯ. ಹಾಲಿವುಡ್ಡಿನ ನರ್ತಕ-ನಟ ಫ್ರೆಡ್ ಅಸ್ಟೇರ್ ತನ್ನ ಕುಣಿತವನ್ನು ತಲೆಯಿಂದ ಕಾಲಿನವರೆಗೆ ಪೂರ್ತಿ ತೋರಿಸಬೇಕು, ನಡುವೆ ಆದಷ್ಟು ಕಡಿಮೆ ಕಟ್ ಇರಬೇಕು ಅಂತ ಹಠ ಹಿಡಿದವನು. ಹಾಗಾಗಿ ಅವನ ರೀಲಿನಲ್ಲಿ ಒಂದು ಜೋಡಣೆ ಬಿದ್ದರೂ ಬಿಳಿ ಪಂಚೆಯ ಮೇಲಿನ ಮಸಿಯಂತೆ ಎದ್ದು ಕಾಣುತ್ತದೆ. ನೃತ್ಯ ನಿರ್ದೇಶಕ ಬಸ್ಬಿ ಬರ್ಕ್ಲಿಯ 1930ರ ದಶಕದ ದೃಶ್ಯಗಳು ಬೇರೆ ತರಹ. ಕ್ಯಾಮೆರಾ ಮಾಡಿನಿಂದ ಕೆಳಗೆ ನೋಡುತ್ತದೆ, ಹತ್ತಾರು ಹುಡುಗಿಯರು ಹೂವಿನ ದಳದಂತೆ ಬಿಚ್ಚಿ ಮುಚ್ಚುತ್ತಾರೆ, ದೃಶ್ಯದಿಂದ ದೃಶ್ಯಕ್ಕೆ ನೆಗೆತ ಇದ್ದೇ ಇದೆ. ಅಲ್ಲಿ ಒಂದೆರಡು ಜೋಡಣೆ ಇದ್ದರೂ ನಾನು ಕೊಳ್ಳುತ್ತೇನೆ. ಅವು ಕಪ್ಪುಬಿಳುಪಾದ್ದರಿಂದ ಬಣ್ಣ ಹೋಗುವ ಭಯವೂ ಇಲ್ಲ.

ನಾನೇ ಮಾಡಿದ ಒಂದು ಪಾಪವನ್ನು ಇಲ್ಲಿ ಹೇಳಿಬಿಡಬೇಕು. ಹೆಚ್ಚಿನ ಸೂಪರ್ 8 ಸೌಂಡ್ ಪ್ರೊಜೆಕ್ಟರುಗಳಲ್ಲಿ ಓದುವುದಷ್ಟೇ ಅಲ್ಲ, ಪಟ್ಟಿಯ ಮೇಲೆ ರೆಕಾರ್ಡ್ ಮಾಡುವ ಸೌಲಭ್ಯವೂ ಇರುತ್ತದೆ. ಕತ್ತಲಲ್ಲಿ ಸೌಂಡ್ ಹೆಚ್ಚಿಸಲು ಕೈಚಾಚಿದವನು ರೆಕಾರ್ಡ್ ಗುಂಡಿಯನ್ನು ಒತ್ತಿಬಿಟ್ಟೆ. ಪಿಯಾನೊ ನಿಂತಿತು. ಏನಾಯಿತೆಂದು ಹೊಳೆಯುವ ಹೊತ್ತಿಗೆ ಏಳೆಂಟು ಸೆಕೆಂಡು ಕಳೆದಿತ್ತು. ಈಗಲೂ ಆ ರೀಲು ಓಡಿಸಿದರೆ ಜೋಡಿಯೊಂದು ಮೆಟ್ಟಿಲಿಳಿದು ಬರುತ್ತಾ ನಡುವಿನ ನಾಲ್ಕು ಮೆಟ್ಟಿಲನ್ನು ಸದ್ದಿಲ್ಲದೆ ಇಳಿಯುತ್ತದೆ. ಪ್ರೊಜೆಕ್ಟರ್ ಮನೆಗೆ ಬಂದ ದಿನವೇ ರೆಕಾರ್ಡ್ ಗುಂಡಿಯ ಮೇಲೆ ಗಟ್ಟಿ ರಟ್ಟಿನ ತುಂಡೊಂದನ್ನು ಟೇಪ್ ಹಾಕಿ ಅಂಟಿಸಿಬಿಡಿ. ಹೆಡ್ಡಿನಲ್ಲಿ ಕಾಂತತ್ವ ಉಳಿದರೂ ಅದು ಸದ್ದನ್ನು ಸವೆಸುತ್ತಾ, ಹಿಸ್ ಹೆಚ್ಚಿಸುತ್ತಾ ಹೋಗುತ್ತದೆ, ಆಗಾಗ ಡಿಮ್ಯಾಗ್ನೆಟೈಸ್ ಮಾಡಬೇಕು. ಆಗ ರೀಲು ಹತ್ತಿರ ಇರಬಾರದು, ಸ್ಪೀಕರಿನ ಪಕ್ಕದಲ್ಲಿ ರೀಲು ಇಡುವುದೂ ಬೇಡ. 16 ಎಂ.ಎಂ.ನಲ್ಲಿ ಈ ತಲೆನೋವು ಕಡಿಮೆ. ಅಲ್ಲಿ ಸದ್ದು ಸಾಮಾನ್ಯವಾಗಿ ಆಪ್ಟಿಕಲ್, ಫಿಲ್ಮಿನ ಮೇಲೆಯೇ ಅಚ್ಚಾದ ಅಲೆಗೆರೆ. ಅದನ್ನು ಗುಂಡಿ ಒತ್ತಿ ಅಳಿಸಲಾಗದು.

ಬಣ್ಣದ ವಿಷಯ ದುಃಖದ್ದು. 1950ರಿಂದ 1970ರ ದಶಕದವರೆಗಿನ ಬಹಳಷ್ಟು ಈಸ್ಟ್‌ಮನ್ ಬಣ್ಣದ ಪ್ರಿಂಟುಗಳಲ್ಲಿ ನೀಲಿ ಹಸಿರು ಹಾರಿಹೋಗಿ ಕೆಂಪು ಮಾತ್ರ ಉಳಿದಿದೆ. ಹಳದಿ ಮಳೆಕೋಟು, ನೀಲಿ ಆಕಾಶ, ಹಸಿರು ಗೌನು ಎಲ್ಲವೂ ದಾಳಿಂಬೆ ರಸದಲ್ಲಿ ಅದ್ದಿದಂತೆ. ಲೆನ್ಸಿನ ಮುಂದೆ ತಿಳಿ ನೀಲಿ-ಹಸಿರು ಫಿಲ್ಟರ್ ಹಿಡಿದರೆ ಕಣ್ಣಿಗೆ ತುಸು ಹಿತ, ಆದರೆ ಹೋದ ಬಣ್ಣ ವಾಪಸು ಬರುವುದಿಲ್ಲ. ಮಾರುವವರು 'ಸ್ವಲ್ಪ ಬೆಚ್ಚನೆಯ ಬಣ್ಣ' ಅಂದರೆ ಕೆಂಪಾಗಿದೆ ಅಂತಲೇ ಓದಿಕೊಳ್ಳಿ. ಬಿಳಿ ಬೆಳಕಿನ ಮೇಲಿಟ್ಟು ಒಂದು ಫ್ರೇಮಿನ ಫೋಟೊ ಕೇಳಿ, ಅದರಲ್ಲಿ ಆಕಾಶವೋ ಗಿಡವೋ ಇರಲಿ. ಮುಖದ ಫೋಟೊ ಕಳಿಸಿದರೆ ಒಪ್ಪಬೇಡಿ, ಮುಖ ಕೆಂಪಾದರೂ ಚೆಂದವೇ ಕಾಣುತ್ತದೆ. 1980ರ ದಶಕದ ಆರಂಭದಲ್ಲಿ ಬಂದ ಎಲ್‌ಪಿಪಿ (LPP) ಎಂಬ ಕೊಡಾಕ್ ಫಿಲ್ಮಿನ ಬಣ್ಣ ಬಹಳ ಬಾಳುತ್ತದೆ, ಅಂಚಿನಲ್ಲಿ ಆ ಅಕ್ಷರಗಳೇ ಇರುತ್ತವೆ. 16 ಎಂ.ಎಂ.ನಲ್ಲಿ ಟೆಕ್ನಿಕಲರ್ ಡೈ ಟ್ರಾನ್ಸ್‌ಫರ್ ಪ್ರಿಂಟು ಸಿಕ್ಕರೆ ಅದೃಷ್ಟ. ಅದರಲ್ಲಿ ಬಣ್ಣವನ್ನು ಫಿಲ್ಮಿನ ಮೇಲೆ ಅಚ್ಚೊತ್ತುತ್ತಿದ್ದರು, ಅದು ಹೆಚ್ಚುಕಡಿಮೆ ಹಾಗೆಯೇ ನಿಂತಿರುತ್ತದೆ. ಬೆಲೆಯೂ ಅದಕ್ಕೆ ತಕ್ಕ ಹಾಗೇ ನಿಂತಿರುತ್ತದೆ, ಇಳಿಯುವುದಿಲ್ಲ.

ಅಗಲ ಪರದೆಯ ರೀಲುಗಳಲ್ಲಿ ಇನ್ನೊಂದು ತೊಡಕಿದೆ. 1953ರಲ್ಲಿ ಸಿನೆಮಾಸ್ಕೋಪ್ ಬಂದ ಮೇಲಿನ ಎಷ್ಟೋ ಸಂಗೀತಚಿತ್ರಗಳು ಸ್ಕೋಪಿನವು. ಸ್ಕೋಪ್ ಪ್ರಿಂಟಿಗೆ ಚಿತ್ರವನ್ನು ಅಡ್ಡಕ್ಕೆ ಹಿಗ್ಗಿಸುವ ಅನಾಮಾರ್ಫಿಕ್ ಲೆನ್ಸ್ ಬೇಕು, ಇಲ್ಲದಿದ್ದರೆ ನರ್ತಕರೆಲ್ಲ ನುಗ್ಗೆಕಾಯಿಯಾಗುತ್ತಾರೆ. ಸಾದಾ ಪ್ರಿಂಟು ತೆಗೆದುಕೊಂಡರೆ ಎರಡೂ ಬದಿ ಕತ್ತರಿಸಿರುತ್ತಾರೆ, ಏಳು ಜನ ಸಾಲಾಗಿ ಕುಣಿಯುವಲ್ಲಿ ನಾಲ್ವರೇ ಕಾಣುತ್ತಾರೆ.

ರೀಲು ಕೈಗೆ ಬಂದ ಕೂಡಲೇ ಪ್ರೊಜೆಕ್ಟರಿಗೆ ಹಾಕಬಾರದು. ಎಷ್ಟು ಚಪಲ ಇದ್ದರೂ ಸರಿ. ಮೊದಲು ಡಬ್ಬಿ ತೆರೆದು ಮೂಸಬೇಕು. ಹಳೆಯ ಪ್ರಿಂಟುಗಳ ಬೇಸ್, ಅಂದರೆ ಚಿತ್ರ ಹೊತ್ತಿರುವ ಪ್ಲಾಸ್ಟಿಕ್ ಹಾಳೆ, ಅಸಿಟೇಟ್. ಅದು ಕೊಳೆಯತೊಡಗಿದರೆ ಅಸಿಟಿಕ್ ಆಮ್ಲ ಬಿಡುತ್ತದೆ, ವಿನೆಗರಿನ ವಾಸನೆ ಮೂಗಿಗೆ ಹೊಡೆಯುತ್ತದೆ. ಆಮೇಲೆ ಫಿಲ್ಮ್ ಕುಗ್ಗುತ್ತದೆ, ಸುರುಳಿಯಾಗುತ್ತದೆ, ಗೇಟಿನಲ್ಲಿ ಚಪ್ಪಟೆ ಕೂರುವುದಿಲ್ಲ. ಈ ಕೊಳೆತವನ್ನು ತಡೆದು ನಿಲ್ಲಿಸಲು ಬರುವುದಿಲ್ಲ, ತಂಪಿನಲ್ಲಿಟ್ಟು ನಿಧಾನಿಸಬಹುದು ಅಷ್ಟೇ. ವಾಸನೆಯ ರೀಲನ್ನು ಉಳಿದವುಗಳ ಜೊತೆ ಒಂದೇ ಕಪಾಟಿನಲ್ಲಿ ಇಡಬೇಡಿ, ಆ ಆವಿ ಪಕ್ಕದವನ್ನೂ ಕೆಡಿಸುತ್ತದೆ. ಮೂಗಿನ ಮೇಲೆ ನಂಬಿಕೆ ಇಲ್ಲದವರಿಗೆ ಎ-ಡಿ ಸ್ಟ್ರಿಪ್ ಅಂತ ಕಾಗದದ ಚೂರು ಸಿಗುತ್ತದೆ. ಡಬ್ಬಿಯೊಳಗೆ ಒಂದೆರಡು ದಿನ ಇಟ್ಟರೆ ಆಮ್ಲ ಹೆಚ್ಚಿದಷ್ಟೂ ನೀಲಿಯಿಂದ ಹಸಿರಿಗೆ, ಹಸಿರಿನಿಂದ ಹಳದಿಗೆ ತಿರುಗುತ್ತದೆ.

ಮೂಸಿದ್ದಾಯಿತು. ಈಗ ರೀಲನ್ನು ಅಡ್ಡಲಾಗಿ ಬೆಳಕಿಗೆ ಹಿಡಿಯಿರಿ. ಸುತ್ತಿನ ಅಂಚಿನ ಮೂಲಕ ಬೆಳಕು ತೂರಿ ಬಂದರೆ ಅದು ಪಾಲಿಯೆಸ್ಟರ್, ಬರದಿದ್ದರೆ ಅಸಿಟೇಟ್. ಪಾಲಿಯೆಸ್ಟರಿಗೆ ವಿನೆಗರ್ ರೋಗ ಇಲ್ಲ, ಆದರೆ ಅದು ಹರಿಯುವುದೂ ಇಲ್ಲ. ಸಿಕ್ಕಿಕೊಂಡರೆ ಫಿಲ್ಮ್ ಗಟ್ಟಿಯಾಗಿ ನಿಂತು ಪ್ರೊಜೆಕ್ಟರಿನ ಹಲ್ಲು ಮುರಿಯಬಹುದು. ಸಿಮೆಂಟ್ ಹಾಕಿ ಅಂಟಿಸುವುದು ಅಸಿಟೇಟಿಗೆ ಮಾತ್ರ, ಪಾಲಿಯೆಸ್ಟರಿಗೆ ಟೇಪೇ ಗತಿ. ಟೇಪ್ ಹಾಕುವಾಗ ಮ್ಯಾಗ್ನೆಟಿಕ್ ಪಟ್ಟಿಯ ಮೇಲೆ ಬರದಂತೆ ನೋಡಿಕೊಳ್ಳಿ, ಬಂದರೆ ಆ ಜಾಗದಲ್ಲಿ ಸದ್ದು ಮಾಯ.

ಆಮೇಲೆ ಎರಡು ರಿವೈಂಡರ್‌ಗಳ ನಡುವೆ ರೀಲು ಹಾಕಿ, ಹತ್ತಿಯ ಕೈಗವಸು ತೊಟ್ಟು, ಎಡಗೈಯ ಹೆಬ್ಬೆರಳು ತೋರುಬೆರಳ ನಡುವೆ ಫಿಲ್ಮಿನ ಎರಡಂಚನ್ನೂ ಹಗುರವಾಗಿ ಹಿಡಿದು ನಿಧಾನಕ್ಕೆ ಸುತ್ತುತ್ತಾ ಹೋಗಿ. ಅಂಟಿಸಿದ ಜಾಗ ಬಂದಾಗ ಬೆರಳಿಗೆ ಟಕ್ ಅಂತ ತಾಗುತ್ತದೆ. ಹರಿದ ತೂತು ಬಂದಾಗ ಗವಸಿನ ನೂಲು ಸಿಕ್ಕಿ ಎಳೆಯುತ್ತದೆ. ಕಣ್ಣಿಗಿಂತ ಇದು ಬೇಗ. ಟಕ್ ಅಂದಲ್ಲೆಲ್ಲ ನಿಲ್ಲಿಸಿ ಭೂತಗನ್ನಡಿಯಲ್ಲಿ ನೋಡುತ್ತೇನೆ: ಜೋಡಣೆಯ ಈಚೆ ನರ್ತಕಿಯ ಬಲಗಾಲು ಎಲ್ಲಿದೆ, ಆಚೆ ಎಲ್ಲಿದೆ. ಕಾಲು ಒಂದು ಚೂರು ಸರಿದಿದ್ದರೆ ಒಂದೆರಡು ಫ್ರೇಮು ಹೋಗಿದೆ. ಎಡಗಾಲು ಮೇಲೆದ್ದಿದ್ದರೆ ಒಂದು ಮಾತ್ರೆಯೇ ಹೋಗಿದೆ. ಗೀರುಗಳನ್ನೂ ಆಗಲೇ ಗುರುತಿಸಿಕೊಳ್ಳಿ. ಬೇಸ್ ಕಡೆಯ ಗೀರು ಪರದೆಯ ಮೇಲೆ ಕಪ್ಪು ಗೆರೆಯಾಗಿ ಕಾಣುತ್ತದೆ, ಒಳ್ಳೆಯ ಕ್ಲೀನರ್ ಹಚ್ಚಿದರೆ ಸುಮಾರಾಗಿ ಮರೆಯಾಗುತ್ತದೆ. ಬಣ್ಣದ ಪ್ರಿಂಟಿನಲ್ಲಿ ಹಸಿರು ಗೆರೆ ಕಂಡರೆ ಎಮಲ್ಷನ್ನೇ, ಅಂದರೆ ಚಿತ್ರದ ಪದರವೇ, ಕೆರೆದುಹೋಗಿದೆ, ಅದಕ್ಕೆ ಮದ್ದಿಲ್ಲ. ಕ್ಲೀನರ್ ಯಾವುದೇ ಇರಲಿ, ಮೊದಲು ಕೊನೆಯ ಅರ್ಧ ಅಡಿಗೆ ಹಚ್ಚಿ ಬಟ್ಟೆ ನೋಡಿ. ಬಟ್ಟೆಗೆ ಕಂದು ಹತ್ತಿದರೆ ಮ್ಯಾಗ್ನೆಟಿಕ್ ಪಟ್ಟಿ ಕರಗುತ್ತಿದೆ, ಅಲ್ಲಿಗೇ ನಿಲ್ಲಿಸಿ. ಹಳೆಯ ಡಬ್ಬಿಗಳ ಜೊತೆ ಬರುವ ಹಳೆಯ ಕ್ಲೀನರ್ ಬಾಟಲಿಯ ಮುಚ್ಚಳ ಕೂಡ ತೆಗೆಯಬೇಡಿ. ಆ ಕಾಲದ ಕೆಲವದರಲ್ಲಿ ಕಾರ್ಬನ್ ಟೆಟ್ರಾಕ್ಲೋರೈಡ್ ಇರುತ್ತಿತ್ತು, ಅದು ವಿಷ.

ಡಬ್ಬಿ ಒಂದು, ರೀಲು ಇನ್ನೊಂದು ಆಗಿರುವುದು ಗೊತ್ತಾಗುವುದೂ ಈ ಹೊತ್ತಿನಲ್ಲೇ. ನನಗೊಮ್ಮೆ ಜೋಡಿ ನೃತ್ಯದ ಡಬ್ಬಿಯಲ್ಲಿ ಕುದುರೆ ರೇಸ್ ಸಿಕ್ಕಿತ್ತು. ಮಾರಿದವರು ಉತ್ತರಿಸಲೇ ಇಲ್ಲ. ಈಗ ಕೊಳ್ಳುವ ಮುಂಚೆ ಡಬ್ಬಿಯ ಫೋಟೊ ಕೇಳುವುದಿಲ್ಲ, ಟೈಟಲ್ ಫ್ರೇಮಿನದು ಒಂದು, ನಡುವಿನದು ಒಂದು, ಕೊನೆಯದು ಒಂದು ಕೇಳುತ್ತೇನೆ. ಜೊತೆಗೆ ಒಂದು ಪ್ರಶ್ನೆ: "ಇದನ್ನು ಸದ್ದಿನೊಂದಿಗೆ ಓಡಿಸಿ ಕೇಳಿದ್ದೀರಾ?" 'ಪಟ್ಟಿ ಇದೆ' ಅನ್ನುವುದು ಇದಕ್ಕೆ ಉತ್ತರವಲ್ಲ. ಪಟ್ಟಿ ಇದ್ದು ಖಾಲಿ ಇರಬಹುದು, ನನ್ನಂಥವನ ಕೈಗೆ ಸಿಕ್ಕಿರಬಹುದು.

ಯಾವುದರಿಂದ ಶುರುಮಾಡಬೇಕು ಅಂತ ಕೇಳುವವರಿಗೆ ನಾನು ತೋರಿಸುವುದು ದೊಡ್ಡ ಸಿನಿಮಾಗಳನ್ನಲ್ಲ, ಸೌಂಡೀಗಳನ್ನು. 1940ರಿಂದ ಕೆಲವು ವರ್ಷ ಅಮೆರಿಕದ ಬಾರು, ಹೋಟೆಲುಗಳಲ್ಲಿ ಪನೋರಮ್ ಎಂಬ ಪೆಟ್ಟಿಗೆ ಇತ್ತು. ಶಿಕಾಗೊದ ಮಿಲ್ಸ್ ನಾವೆಲ್ಟಿ ಕಂಪನಿಯದು. ಹತ್ತು ಸೆಂಟ್ ಹಾಕಿದರೆ ಸುಮಾರು ಮೂರು ನಿಮಿಷದ ಒಂದು ಹಾಡು ತೆರೆಯ ಮೇಲೆ ಬರುತ್ತಿತ್ತು, ಅದೇ ಸೌಂಡೀ. ಒಳಗೆ ಎಂಟು ಹಾಡುಗಳ 16 ಎಂ.ಎಂ. ಮಾಲೆ ಸುತ್ತುತ್ತಲೇ ಇರುತ್ತಿದ್ದುದರಿಂದ ಬೇಕಾದ ಹಾಡನ್ನು ಆರಿಸುವಂತಿರಲಿಲ್ಲ, ಸರದಿಯಲ್ಲಿ ಬಂದದ್ದನ್ನೇ ನೋಡಬೇಕು. ಡ್ಯೂಕ್ ಎಲಿಂಗ್ಟನ್, ಕ್ಯಾಬ್ ಕ್ಯಾಲೊವೆ, ಫ್ಯಾಟ್ಸ್ ವಾಲರ್, ಡೊರೊಥಿ ಡ್ಯಾಂಡ್ರಿಜ್ ಎಲ್ಲರೂ ಇದರಲ್ಲಿದ್ದಾರೆ. ಆಮೇಲೆ ಕ್ಯಾಸಲ್ ಫಿಲ್ಮ್ಸ್ ಇವುಗಳಲ್ಲಿ ಹಲವನ್ನು ಮನೆಬಳಕೆಗೆ ಮಾರಿತು. ಚಿಕ್ಕದು, ಇಡಿಯಾದದ್ದು, ಕಪ್ಪುಬಿಳುಪು, ಸದ್ದು ಸಮೇತ. ನಾನು ಮೇಲೆ ಹೇಳಿದ ಎಲ್ಲ ಪರೀಕ್ಷೆಯಲ್ಲೂ ಪಾಸು.

ಒಂದೇ ಎಚ್ಚರಿಕೆ. ಪನೋರಮ್ ಪೆಟ್ಟಿಗೆ ಕನ್ನಡಿಗಳ ಮೂಲಕ ತೆರೆಯ ಹಿಂದಿನಿಂದ ಚಿತ್ರ ಬೀಳಿಸುತ್ತಿತ್ತು. ಹಾಗಾಗಿ ಅದಕ್ಕೆಂದೇ ಮಾಡಿದ ಪ್ರಿಂಟುಗಳಲ್ಲಿ ಎಡಬಲ ಅದಲುಬದಲು. ಟೈಟಲ್ ಹೋಗಿದ್ದರೆ ವಾದ್ಯದವರನ್ನು ನೋಡಿ: ಇಡೀ ಗುಂಪಿನ ಪಿಟೀಲಿನವರೆಲ್ಲ ಎಡಗೈಯಲ್ಲಿ ಕಮಾನು ಹಿಡಿದಿದ್ದರೆ ಅದು ಪೆಟ್ಟಿಗೆಯ ಪ್ರಿಂಟು. ಒಂದಂಚಿನಲ್ಲಿ ತೂತು, ಇನ್ನೊಂದಂಚಿನಲ್ಲಿ ಸದ್ದು ಇರುವುದರಿಂದ ಫಿಲ್ಮನ್ನು ಮಗುಚಿ ಹಾಕಲು ಬರುವುದಿಲ್ಲ. ಬಿಸಾಡುವುದೂ ಬೇಡ. ಬಾಗಿಲ ಚೌಕಟ್ಟಿಗೆ ತೆಳು ಬಿಳಿ ಬಟ್ಟೆ ಬಿಗಿಯಾಗಿ ಕಟ್ಟಿ, ಪ್ರೊಜೆಕ್ಟರನ್ನು ಆಚೆ ಕೋಣೆಯಲ್ಲಿಟ್ಟು ಹಿಂದಿನಿಂದ ಬೆಳಕು ಬಿಡಿ, ಈಚೆ ಕೂತವರಿಗೆ ಎಲ್ಲ ಸರಿಯಾಗಿ ಕಾಣುತ್ತದೆ. ಪ್ರೊಜೆಕ್ಟರಿನ ಕಟಕಟವೂ ಆಚೆಯೇ ಉಳಿಯುತ್ತದೆ. ನಮ್ಮ ಮನೆಯಲ್ಲಿ ಈಗ ಉಲ್ಟಾ ಪ್ರಿಂಟುಗಳಿಗೇ ಬೇಡಿಕೆ.

ದೊಡ್ಡ ಸಿನಿಮಾದ ಆಸೆ ಇದ್ದರೆ 'ರಾಯಲ್ ವೆಡ್ಡಿಂಗ್' ಹುಡುಕಿ, 1951ರದು. ಗೋಡೆ, ಒಳಛಾವಣಿಯ ಮೇಲೆಲ್ಲ ಅಸ್ಟೇರ್ ಕುಣಿಯುವ ದೃಶ್ಯ ಅದರಲ್ಲಿದೆ. ಅದರ ಹಕ್ಕನ್ನು ಅಮೆರಿಕದಲ್ಲಿ ನವೀಕರಿಸಲಿಲ್ಲ, ಹಾಗಾಗಿ ಯಾರು ಬೇಕಾದರೂ ಪ್ರಿಂಟ್ ಮಾಡಿ ಮಾರಿದರು. ಹೇರಳವಾಗಿ ಸಿಗುತ್ತದೆ, ಗುಣಮಟ್ಟ ಮಾತ್ರ ನಿಮ್ಮ ಅದೃಷ್ಟ. ಪ್ರತಿಯ ಪ್ರತಿಯ ಪ್ರತಿಯಾದದ್ದರಲ್ಲಿ ಅಸ್ಟೇರನ ಮುಖ ಹಿಟ್ಟಿನ ಮುದ್ದೆ. ಉಳಿದ ಚಿತ್ರಗಳ ವಿಷಯದಲ್ಲಿ ಒಂದು ಮಾತು: ಪ್ರಿಂಟು ನಿಮ್ಮದಾದರೂ ಹಕ್ಕು ನಿಮ್ಮದಲ್ಲ, ಮನೆಯಲ್ಲಿ ನೋಡಬಹುದು, ಟಿಕೆಟ್ ಇಟ್ಟು ತೋರಿಸುವಂತಿಲ್ಲ. 1974ರಲ್ಲಿ ನಟ ರಾಡಿ ಮ್ಯಾಕ್‌ಡವಲ್ ಮನೆಗೇ ಎಫ್‌ಬಿಐ ನುಗ್ಗಿ ಅವನ ಫಿಲ್ಮ್ ಸಂಗ್ರಹ ಹೊತ್ತೊಯ್ದಿತ್ತು. ಈಗ ಆ ಬಿಗಿ ಇಲ್ಲ, ಆದರೂ ನೆನಪಿರಲಿ.

ಇಡುವ ವಿಷಯ. ಅಟ್ಟ ಬೇಡ, ಅಲ್ಲಿ ಸೆಕೆ. ನೆಲಮಾಳಿಗೆ ಬೇಡ, ಅಲ್ಲಿ ತೇವ. ಮನೆಯೊಳಗಿನ ತಂಪಾದ, ಒಣಗಿದ ಕಪಾಟು ಸಾಕು. ತುಕ್ಕು ಹಿಡಿದ ತಗಡಿನ ಡಬ್ಬಿ, ಒಳಗಿರುವ ಹಳೆಯ ಕಾಗದ, ರಬ್ಬರ್ ಬ್ಯಾಂಡ್ ತೆಗೆದುಹಾಕಿ. ಓಡಿಸಿದ ಮೇಲೆ ಭರ್ರನೆ ಹಿಂದಕ್ಕೆ ಸುತ್ತಬೇಡಿ, ಕೈಯಿಂದ ಒಂದೇ ಹದದಲ್ಲಿ ಸುತ್ತಿ. ಪ್ರತಿ ರೀಲಿನ ಮುಂದೆ ನಾಲ್ಕೈದು ಅಡಿ ಖಾಲಿ ಲೀಡರ್ ಇರಲಿ, ಪ್ರೊಜೆಕ್ಟರ್ ಅಗಿಯುವುದಿದ್ದರೆ ಅದನ್ನು ಅಗಿಯಲಿ.

ಡಬ್ಬಿಗೊಂದು ಕಾರ್ಡು ಮಾಡಿಟ್ಟಿದ್ದೇನೆ. ಅಳತೆ, ಅಡಿ, ಬೇಸ್, ಎಲ್ಲೆಲ್ಲಿ ಜೋಡಣೆ ಇದೆ ಮತ್ತು ಅಲ್ಲಿ ಯಾವ ಕಾಲು ಮೇಲಿತ್ತು, ಸದ್ದು ಹೇಗಿದೆ. ಕಾರ್ಡಿನ ಕೊನೆಯ ಕಾಲಂ ಹೆಸರು 'ಮೂಗು'. ವರ್ಷಕ್ಕೊಮ್ಮೆ ಎಲ್ಲ ಡಬ್ಬಿ ತೆರೆದು ಮೂಸಿ ಅದರಲ್ಲಿ ತಾರೀಖು ಬರೆಯುತ್ತೇನೆ. ನೆಗಡಿ ಇದ್ದ ವರ್ಷ ಹೆಂಡತಿಯ ಸಹಿ ಇದೆ.